ಅರಸರು ತೀರಿಕೊಂಡ ದಿನದ ಪೇಪರು

ಪೇಪರು ಏಜೆನ್ಸಿಗೆ ಹೊಸದಾಗಿ ಬರುವವರು ಮೊದಲು ಕೇಳುವುದು ಎರಡು ಸಂಗತಿ. ಮಳೆಗೆ ಕಟ್ಟು ಒದ್ದೆಯಾಗದ ಹಾಗೆ ಏನು ಮಾಡಬೇಕು, ನಾಯಿ ಬಂದರೆ ಏನು ಮಾಡಬೇಕು. ಮಳೆಗೆ ಪ್ಲಾಸ್ಟಿಕ್ ಹೊದೆಸಿ. ನಾಯಿಗೆ ಹೆದರಬೇಡಿ, ಅದು ಒಂದು ವಾರದಲ್ಲಿ ಪರಿಚಯ ಮಾಡಿಕೊಳ್ಳುತ್ತದೆ. ಮನೆಯವರಿಗೆ ಅದಕ್ಕಿಂತ ಹೆಚ್ಚು ಸಮಯ ಬೇಕು. ಇಷ್ಟನ್ನು ಕಲಿಯಲು ನನ್ನಂಥವಳು ಬರೆಯಬೇಕಾಗಿಲ್ಲ. ಯಾರೂ ಮೊದಲೇ ಹೇಳದ ಸಂಗತಿ ಬೇರೆ ಇದೆ. ನಮ್ಮ ಕಡೆ ಪೇಪರಿನ ಏಜೆಂಟ್ ಎಂದರೆ ಸಾವಿನ ಏಜೆಂಟ್ ಕೂಡ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬೀಡಿ ಕಟ್ಟುತ್ತಿದ್ದೆ. ಪೇಪರು ಹಾಕುತ್ತಿದ್ದವರು ನನ್ನ ಗಂಡ. ಅವರಿಗೆ ಸೊಂಟ ಹಿಡಿದು ಎದ್ದು ನಿಲ್ಲಲು ಆಗದಿದ್ದಾಗ ಒಂದು ವಾರದ ಮಟ್ಟಿಗೆ ನಾನು ಹೊರಟೆ. ಆ ಒಂದು ವಾರ ಮೊಮ್ಮಗಳ ಮದುವೆ ಮುಗಿಯುವವರೆಗೆ ನಡೆಯಿತು. ಕಾರಡ್ಕದಿಂದ ಬೆಳ್ಳೂರಿನ ಕಡೆ ಹೋಗುವ ದಾರಿಯಲ್ಲಿ ಇರುವ ಮನೆಗಳು ನನ್ನವು. ಕನ್ನಡ ಪೇಪರು, ಮಲಯಾಳ ಪೇಪರು ಎರಡನ್ನೂ ಹಾಕುತ್ತಿದ್ದೆ. ಎರಡೂ ತರಿಸುವ ಮನೆಯಲ್ಲಿ ಎರಡನ್ನೂ ಓದುವವರು ಇರುವುದಿಲ್ಲ. ಒಂದು ಗಂಡನದ್ದು, ಒಂದು ಹೆಂಡತಿಯ ತವರಿನದ್ದು.

ನಮ್ಮ ಜಿಲ್ಲೆಯ ಪೇಪರಿನಲ್ಲಿ ತೀರಿಕೊಂಡವರಿಗೆ ಎಂದೇ ಒಂದು ಪುಟ ಇದೆ. ಚರಮ ಪುಟ ಎನ್ನುತ್ತಾರೆ. ಅಂಚೆ ಚೀಟಿಯಷ್ಟು ದೊಡ್ಡ ಫೋಟೋ, ಕೆಳಗೆ ಹೆಸರು, ಮನೆ, ಪ್ರಾಯ, ಮಕ್ಕಳು, ಅಳಿಯಂದಿರು, ಸೊಸೆಯಂದಿರು. ಜನ ಪೇಪರು ಬಿಡಿಸುವುದು ಆ ಪುಟದಿಂದಲೇ. ಪ್ರಧಾನಮಂತ್ರಿ ಏನು ಹೇಳಿದರು ಎಂಬುದು ಆಮೇಲೆ. ಯಾರಾದರೂ ತೀರಿಕೊಂಡರೆ ಅವರ ಫೋಟೋ, ವಿವರ ಎಲ್ಲವನ್ನೂ ತಂದು ಕಾಸರಗೋಡಿನ ಬ್ಯೂರೋಕ್ಕೆ ಮುಟ್ಟಿಸುವುದು ಏಜೆಂಟನ ಕೆಲಸ. ಇದಕ್ಕೆ ಸಂಬಳ ಇಲ್ಲ. ಮಾಡದಿದ್ದರೆ ಪೇಪರು ಬೇಡ ಎನ್ನುತ್ತಾರೆ.

ಸಾವಿನ ಮನೆಗೆ ಹೋದ ಕೂಡಲೇ ಫೋಟೋ ಕೇಳಬೇಡಿ. ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅಳುವವರಲ್ಲಿ ಕೇಳಬೇಡಿ, ನೀರು ಕಾಯಿಸುವವರಲ್ಲಿ ಕೇಳಿ. ಫೋಟೋ ಎಲ್ಲಿದೆ ಎಂದು ಮಗನಿಗೆ ಗೊತ್ತಿರುವುದಿಲ್ಲ, ಸೊಸೆಗೆ ಗೊತ್ತಿರುತ್ತದೆ. ಅಳಿಯನ ಹೆಸರು ಬಿಡಬೇಡಿ. ಸತ್ತವರ ಹೆಸರು ತಪ್ಪಾದರೆ ಸುಮ್ಮನಿರುವವರು ಇದ್ದಾರೆ, ಅಳಿಯನ ಹೆಸರು ಬಿಟ್ಟರೆ ಸುಮ್ಮನಿರುವ ಮಗಳನ್ನು ನಾನು ನೋಡಿಲ್ಲ.

ಕೋಲದಲ್ಲಿ ಭೂತದ ವೇಷ ಕಟ್ಟುತ್ತಿದ್ದ ಒಬ್ಬರು ತೀರಿಕೊಂಡಾಗ ಅವರ ಮನೆಯಲ್ಲಿ ಇದ್ದ ಒಳ್ಳೆಯ ಫೋಟೋ ಒಂದೇ. ಮುಖಕ್ಕೆ ಬಣ್ಣ ಬಳಿದು, ತಲೆಯ ಮೇಲೆ ಅಣಿ ಹೊತ್ತು ನಿಂತದ್ದು. ನಾನು ಅದನ್ನೇ ಕಳಿಸಿದೆ. ಬ್ಯೂರೋದಿಂದ ಫೋನು ಬಂತು.

"ಯಮುನಕ್ಕ, ಮುಖ ಕಾಣುವ ಫೋಟೋ ಕಳಿಸಿ."

ನಾನು ಅವರ ಹೆಂಡತಿಗೆ ಹೇಳಿದೆ. ಆಕೆ ನನ್ನನ್ನೇ ಕೇಳಿದರು: "ಊರಿಡೀ ಕೈ ಮುಗಿದದ್ದು ಈ ಮುಖಕ್ಕೆ. ಇನ್ನೊಂದು ಮುಖ ಯಾರಿಗೆ ಗೊತ್ತುಂಟು?"

ಕಡೆಗೆ ವೋಟಿನ ಕಾರ್ಡಿನಲ್ಲಿದ್ದ ಫೋಟೋ ಬಂತು. ಯಾರಿಗೂ ಗುರುತು ಸಿಗಲಿಲ್ಲ. ಬೊಜ್ಜದ, ಎಂದರೆ ಉತ್ತರಕ್ರಿಯೆಯ, ಊಟಕ್ಕೆ ಬಂದವರು ಕೂಡ ತೀರಿಕೊಂಡದ್ದು ಇವರೇ ಹೌದಾ ಎಂದು ನನ್ನಲ್ಲಿ ವಿಚಾರಿಸಿದರು. ಹೆಂಡತಿ ಹೇಳಿದ್ದೇ ಸರಿ ಇತ್ತು. ಆದರೆ ಬ್ಯೂರೋದ ನಿಯಮ ಬ್ಯೂರೋದ ನಿಯಮ.

ಮೊದಲು ಫೋಟೋವನ್ನು ಕವರಿನಲ್ಲಿ ಹಾಕಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದೆವು. ಕಾಸರಗೋಡಿನ ಸ್ಟ್ಯಾಂಡಿನಲ್ಲಿ ಪೇಪರಿನವರ ಪೆಟ್ಟಿಗೆ ಇತ್ತು, ಅದಕ್ಕೆ ಹಾಕುತ್ತಿದ್ದ. ಒಮ್ಮೆ ಒಬ್ಬ ಕಂಡಕ್ಟರ್ ಮರೆತು, ನಮ್ಮ ಊರಿನ ಪಟೇಲರು ಕವರಿನಲ್ಲಿ ಪುತ್ತೂರಿಗೆ ಹೋಗಿ ಬಂದರು. ಆಮೇಲೆ ಫ್ಯಾಕ್ಸ್ ಬಂತು. ಅದರಲ್ಲಿ ಎಲ್ಲರೂ ಒಂದೇ ಥರ ಕಪ್ಪಗೆ ಕಾಣುತ್ತಿದ್ದರು. ಈಗ ವಾಟ್ಸಾಪ್. ಅದರ ಕಷ್ಟ ಏನೆಂದರೆ ಫೋಟೋ ಸಾವಿಗಿಂತ ಮೊದಲೇ ಬರುತ್ತದೆ. "ಅಪ್ಪ ಐಸಿಯುನಲ್ಲಿ ಇದ್ದಾರೆ, ನೀವು ಒಂದು ರೆಡಿ ಮಾಡಿ ಇಡಿ" ಎಂದು ಒಬ್ಬ ಮಗ ಕಳಿಸಿದ. ನಾನು ಕಳಿಸದೆ ಇಟ್ಟುಕೊಂಡೆ. ಅಪ್ಪ ಮನೆಗೆ ಬಂದು, ಈಗಲೂ ಬೆಳಿಗ್ಗೆ ಪೇಪರು ತಡವಾಯಿತು ಎಂದು ಬೈಯುತ್ತಾರೆ. ಹೆಣ ನೋಡದೆ ಫೋಟೋ ಕಳಿಸಬೇಡಿ.

ಬ್ಯೂರೋದಲ್ಲಿ ನನ್ನ ಮೇಲಿನವರು ಎಂದರೆ ವಿಶ್ವನಾಥ ಸಾರು. ಬೈಯುತ್ತಿದ್ದರು, ಆದರೆ ಬೈದದ್ದನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಅವರ ದೊಡ್ಡ ಕೆಲಸ ಏನೆಂದರೆ ನಡೆಯದೆ ಇರುವುದನ್ನು ನಡೆದಂತೆ ಬರೆಯುವುದು. ಇದನ್ನು ಮೋಸ ಎಂದುಕೊಳ್ಳಬೇಡಿ, ಪೇಪರಿನ ಕಸುಬೇ ಹಾಗೆ. ಪೇಪರು ಅಚ್ಚಾಗುವುದು ಬೇರೆ ಊರಿನಲ್ಲಿ. ನಮ್ಮ ಕಡೆಯ ಪುಟ ಬೇಗ ಮುಚ್ಚಿ ಕಳಿಸಬೇಕು. ಸಂಜೆ ಆಗುವ ಸಭೆಯನ್ನು ಮಧ್ಯಾಹ್ನ ಬರೆದು ಮುಗಿಸುತ್ತಾರೆ. ಒಮ್ಮೆ ಗಾಳಿಮಳೆಗೆ ಪೆಂಡಾಲು ಬಿದ್ದು ಶಾಲೆಯ ವಾರ್ಷಿಕೋತ್ಸವವೇ ನಡೆಯಲಿಲ್ಲ. ಮರುದಿನ ಪೇಪರಿನಲ್ಲಿ ಅದು ಕಿಕ್ಕಿರಿದ ಜನರ ನಡುವೆ ಸಂಭ್ರಮದಿಂದ ನಡೆದಿತ್ತು. ಹೆಡ್‌ಮಾಸ್ಟರು ಆ ತುಂಡು ಕತ್ತರಿಸಿ ಫ್ರೇಮ್ ಹಾಕಿಸಿದರು. ತಿದ್ದುಪಡಿ ಹಾಕಿ ಎಂದು ಯಾರೂ ಹೇಳಲಿಲ್ಲ.

ರಾಜರು ತೀರಿಕೊಂಡರೆ ಪೇಪರು ಹೆಚ್ಚು ಖರ್ಚಾಗುತ್ತದೆ. ಒಮ್ಮೆ ಗಲ್ಫಿನ ಒಬ್ಬ ದೊರೆ ತೀರಿಕೊಂಡಾಗ ಬೆಳಿಗ್ಗೆಯೇ ನನ್ನ ಕಟ್ಟು ಖಾಲಿ. ಪೇಟೆಯಲ್ಲಿ ಅವನ ಫ್ಲೆಕ್ಸ್ ಹಾಕಿದರು, ಅಂಗಡಿ ಅರ್ಧ ಬಾಗಿಲು ಹಾಕಿದರು. ಬೀಫಾತಿಮ ಎಂಬವರು ನನ್ನ ಹಳೆಯ ಗಿರಾಕಿ, ಇಬ್ಬರು ಮಕ್ಕಳು ಆ ದೇಶದಲ್ಲಿ. ಗೇಟಿನಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಎಂತ ಬೀಫಾತ್ಮಾ, ನೀವು ಅವರನ್ನು ನೋಡಿದ್ದುಂಟಾ?"

"ನೋಡುವುದು ಎಂತದು? ಹೊಸಬ ಬಂದು ವೀಸಾ ಕಾನೂನು ಬದಲು ಮಾಡಿದರೆ ಇಬ್ಬರೂ ವಾಪಸ್ ಬರ್ತಾರೆ. ಬಂದರೆ ಸೊಸೆಯಂದಿರು ಎಲ್ಲಿ ಮಲಗುವುದು?"

ನಾನು ಕೇಳಿದ ಅಳುವಿನಲ್ಲಿ ಅದು ನಿಜವಾದ ಅಳು.

ಆಮೇಲೆ ನಮ್ಮ ಸೀಮೆಯ ಅರಸರೇ ತೀರಿಕೊಂಡರು. ಮಂಜಲ್ಕಟ್ಟೆ ಅರಮನೆಯ ಅರಸರು. ಅರಮನೆ ಎಂದರೆ ಹೆಂಚಿನ ಒಂದು ದೊಡ್ಡ ಮನೆ, ಹೆಚ್ಚಿನ ಕೋಣೆಗಳಿಗೆ ಬೀಗ. ಅರಸರು ಎಂದರೆ ಕರೆಂಟು ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬಸ್ಸಿನಲ್ಲಿ ನಿಂತು ಹೋಗುತ್ತಿದ್ದರು, ಯಾರೂ ಸೀಟು ಬಿಡುತ್ತಿರಲಿಲ್ಲ. ಆದರೂ ಸೀಮೆಯಲ್ಲಿ ಭೂತಗಳ ನೇಮ ಆಗಬೇಕಾದರೆ ಅವರ ಅಪ್ಪಣೆ ಬೇಕು, ದೇವಸ್ಥಾನದಲ್ಲಿ ಮೊದಲ ಪ್ರಸಾದ ಅವರಿಗೆ. ಇನ್ನೊಂದು ನಿಯಮವೂ ಇತ್ತು. ಅದು ಹೆಚ್ಚಿನವರಿಗೆ ಮರೆತುಹೋಗಿತ್ತು, ಯಾಕೆಂದರೆ ಹಿಂದಿನ ಅರಸರು ತೀರಿಕೊಂಡು ಒಂದು ತಲೆಮಾರೇ ಕಳೆದಿತ್ತು. ಅರಸರ ಚಿತೆಗೆ ಬೆಂಕಿ ಬೀಳುವವರೆಗೆ ಸೀಮೆಯೊಳಗೆ ಬೇರೆ ಯಾರ ಚಿತೆಯೂ ಉರಿಯಬಾರದು.

ಅರಸರು ಬೆಳಿಗ್ಗೆ ತೀರಿಕೊಂಡರು. ಮಧ್ಯಾಹ್ನದ ಮೊದಲು ಐತೆ ತೀರಿಕೊಂಡಳು.

ಐತೆ ನನ್ನ ಜೊತೆ ಬೀಡಿ ಕಟ್ಟಿದವಳು. ನನಗಿಂತ ತುಂಬಾ ದೊಡ್ಡವಳು. ಓದಲು ಬರುತ್ತಿರಲಿಲ್ಲ, ಆದರೂ ಪೇಪರು ತರಿಸುತ್ತಿದ್ದಳು. ಚರಮ ಪುಟದ ಫೋಟೋಗಳನ್ನು ನೋಡಿ "ಇವಳು ಯಾರು, ಇವನು ಯಾರು" ಎಂದು ಮಗಳು ಸುಂದರಿಯ ಹತ್ತಿರ ಓದಿಸುತ್ತಿದ್ದಳು. ತನ್ನ ಫೋಟೋ ಆ ಪುಟದಲ್ಲಿ ಬರಬೇಕೆಂದು ಕಾರಡ್ಕದ ಸ್ಟುಡಿಯೋಕ್ಕೆ ಹೋಗಿ ಮೊದಲೇ ತೆಗೆಸಿ ನನ್ನ ಕೈಯಲ್ಲಿ ಕೊಟ್ಟಿದ್ದಳು. ಸ್ಟುಡಿಯೋದವನು ಸ್ವಲ್ಪ ನಗಿ ಎಂದನಂತೆ. "ಚರಮಕ್ಕೆ ಮಾರಾಯ, ಸತ್ತವರು ನಗುವುದುಂಟಾ?" ಎಂದು ಅವನಿಗೆ ಜೋರು ಮಾಡಿದಳಂತೆ. ಹಾಗೆ ಜೋರು ಮಾಡಿದ ಮುಖವೇ ಫೋಟೋದಲ್ಲಿ ಬಂದಿತ್ತು.

ಅವಳಿಗೆ ಗಂಡು ಮಕ್ಕಳಿಲ್ಲ. ಸುಂದರಿ ಒಬ್ಬಳೇ. ಸುಂದರಿಯ ಗಂಡ ಮೊದಲೇ ಹೋಗಿದ್ದ. ನಾನು ಹೋಗುವಾಗ ಅವಳು ಅಂಗಳದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಕ್ಲಬ್ಬಿನ ಫ್ರೀಜರ್ ಪೆಟ್ಟಿಗೆ ಅರಮನೆಗೆ ಹೋಗಿಯಾಯಿತಂತೆ" ಎಂದಳು. "ಬೇರೆ ಪೆಟ್ಟಿಗೆ ಉಂಟಾ ಅಂತ ಕೇಳಿದರೆ, ಒಂದೇ ಸಲ ಇಬ್ಬರು ಸಾಯ್ತಾರೆ ಅಂತ ನಮಗೆ ಗೊತ್ತಿತ್ತಾ ಅಂತ ಹೇಳ್ತಾರೆ."

ಮೇ ತಿಂಗಳ ಸೆಕೆ. ಬಾವಿಯ ಕಟ್ಟೆ ಮುಟ್ಟಿದರೆ ಕೈ ಸುಡುತ್ತಿತ್ತು. ಸಂಜೆಗೆ ಹೆಣ ತೆಗೆಯೋಣ ಎಂದು ಗೇರು ಮರದ ಕಟ್ಟಿಗೆ ಒಟ್ಟು ಮಾಡಿದರು. ಆಗ ಕುಂಞಣ್ಣ ಗುರಿಕಾರರು ಬಂದರು. ಗುರಿಕಾರರು ಎಂದರೆ ನಮ್ಮ ಮೂಲೆಯಲ್ಲಿ ಸೀಮೆಯ ಕಟ್ಟುಕಟ್ಟಳೆ ನೋಡುವವರು. ಮದುವೆಯಲ್ಲಿ ವೀಳ್ಯ ಮೊದಲು ಯಾರಿಗೆ, ಸಾವಿನಲ್ಲಿ ನೀರು ಮೊದಲು ಯಾರು ಎಂದೆಲ್ಲ ಹೇಳುವವರು ಅವರು. ಕಟ್ಟಿಗೆ ನೋಡಿ ಕೈ ಅಡ್ಡ ಹಿಡಿದರು. ಅರಸರದ್ದು ನಾಳೆ ಮಧ್ಯಾಹ್ನ, ಅದಾದ ಮೇಲೆ ನಿಮ್ಮದು ಎಂದರು.

ನೆರೆಮನೆಯ ಟಿವಿಯಲ್ಲಿ ಅರಮನೆ ಕಾಣುತ್ತಿತ್ತು. ಮಲಯಾಳ ಚಾನೆಲಿನ ಹುಡುಗಿ ಮೈಕು ಹಿಡಿದು ನಿಂತಿದ್ದಳು. ನಮ್ಮ ಚಹಾದಂಗಡಿಯ ಸಂಕಪ್ಪ, ಅರಸರಿಗೆ ಚಹಾ ಸಾಲ ಕೊಡಲು ಒಪ್ಪದೆ ಇದ್ದವನು, ಮೈಕಿನ ಮುಂದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇನ್ನೊಬ್ಬ ಮುದುಕ, ಬರಗಾಲದಲ್ಲಿ ಈ ಅರಸರು ಅಕ್ಕಿ ಹಂಚಿದ್ದರು ಎಂದ. ಆ ಬರಗಾಲ ಆಗುವಾಗ ಅರಸರು ಹುಟ್ಟಿರಲಿಲ್ಲ. ಟಿವಿಯವರಿಗೆ ಅವನು ತುಂಬಾ ಹಿಡಿಸಿದ, ಸಂಜೆಯವರೆಗೆ ಮತ್ತೆ ಮತ್ತೆ ತೋರಿಸಿದರು. ಪೇಟೆಯಲ್ಲಿ ಮೂರು ಪಕ್ಷದವರೂ ಫ್ಲೆಕ್ಸ್ ಹಾಕಿದರು. ಎಲ್ಲದರಲ್ಲೂ ಅರಸರ ಫೋಟೋ ಒಂದೇ, ಕೆಳಗೆ ಕೈ ಮುಗಿದವರು ಮಾತ್ರ ಬೇರೆ ಬೇರೆ.

ರಾತ್ರಿ ಅಬ್ದುಲ್ಲ ತನ್ನ ಮೀನಿನ ಲಾರಿಯಿಂದ ಐಸು ತಂದು ಕೊಟ್ಟ. ಬೇಡ ಎನ್ನುವವರು ಯಾರೂ ಇರಲಿಲ್ಲ.

ಮರುದಿನ ನನ್ನ ಕಟ್ಟು ಎಂದಿನದಕ್ಕಿಂತ ದಪ್ಪ ಇತ್ತು. ಮುಖಪುಟ ಇಡೀ ಅರಸರು, ಒಳಗೆ ಅರಸರು, ಆಟದ ಪುಟದಲ್ಲೂ ಅರಸರು ಚಿಕ್ಕಂದಿನಲ್ಲಿ ಕಬಡ್ಡಿ ಆಡುತ್ತಿದ್ದರು ಎಂದು ಇತ್ತು. ಚರಮ ಪುಟ ಇರಲಿಲ್ಲ. ಆ ದಿನ ಸೀಮೆಯಲ್ಲಿ ಬೇರೆ ಯಾರೂ ಸತ್ತಿರಲಿಲ್ಲ ಎಂದಾಯಿತು. ಪೇಪರು ಹಾಕಿ ಮುಗಿಸಿ ಸುಂದರಿಯ ಮನೆಗೆ ಹೋದೆ. ಅವಳು ಪೇಪರಿನಲ್ಲಿ ಅಮ್ಮನನ್ನು ಹುಡುಕಿ, ಮಡಚಿ ಬದಿಗೆ ಇಟ್ಟಿದ್ದಳು.

ಮಧ್ಯಾಹ್ನವಾಯಿತು. ಮಂತ್ರಿಗಳು ಬರಬೇಕು, ಅವರು ಬಂದ ಮೇಲೆ ಪೊಲೀಸರು ಗುಂಡು ಹಾರಿಸಬೇಕು, ಆಮೇಲೆ ಬೆಂಕಿ ಎಂದು ಅರಮನೆಯಿಂದ ಸುದ್ದಿ ಬಂತು. ಮಂತ್ರಿಗಳು ದಾರಿಯಲ್ಲಿ ಬೇರೆ ಎರಡು ಉದ್ಘಾಟನೆ ಇಟ್ಟುಕೊಂಡಿದ್ದರಂತೆ. ಗುರಿಕಾರರು ಬೆಳಿಗ್ಗೆ ಅರಮನೆಗೆ ಹೋಗಿ ಹೂ ಹಾಕಿ ಬಂದು, ಮೊಣಕಾಲು ನೋವು ಎಂದು ಐತೆಯ ಮನೆಯ ಜಗಲಿಯಲ್ಲಿ ಕುಳಿತಿದ್ದರು. ನಿಯಮ ಕಾಯಲು ಒಬ್ಬರು ಬೇಕಲ್ಲ.

ಸುಂದರಿ ಬಂದು ಅವರ ಮುಂದೆ ನಿಂತಳು.

"ಗುರಿಕಾರರೇ, ಅಮ್ಮ ನಿನ್ನೆಯಿಂದ ಇದ್ದಾಳೆ."

"ಅರಸರೂ ನಿನ್ನೆಯಿಂದಲೇ ಇದ್ದಾರೆ ಮಾರಾಯ್ತಿ."

"ಅರಸರು ಫ್ರೀಜರಿನಲ್ಲಿ ಇದ್ದಾರೆ. ಅಮ್ಮ ಬಂಗುಡೆಯ ಐಸಿನಲ್ಲಿ ಇದ್ದಾಳೆ. ಅದೂ ನೀರಾಗಿಯಾಯಿತು."

"ನಿಯಮ ನಾನು ಮಾಡಿದ್ದಾ?"

"ಮಾಡಿದವರನ್ನು ಕರೀರಿ, ಮಾತಾಡುವ."

"ಮಾಡಿದವರೇ ಅಲ್ಲಿ ಪೆಟ್ಟಿಗೆಯಲ್ಲಿ ಮಲಗಿದ್ದಲ್ಲವಾ!"

ಯಾರೋ ನಕ್ಕರು. ಸುಂದರಿ ನಗಲಿಲ್ಲ. ಒಳಗೆ ಹೋಗಿ ಊದುಬತ್ತಿಯ ಕಟ್ಟನ್ನೇ ಬಿಚ್ಚಿ ಒಟ್ಟಿಗೆ ಹಚ್ಚಿದಳು. ಊದುಬತ್ತಿಯಿಂದ ಮುಚ್ಚುವ ಹಂತ ದಾಟಿತ್ತು. ಬಂದ ಹೆಂಗಸರು ಸೆರಗು ಮೂಗಿಗೆ ಹಿಡಿದು, ಹಿಡಿದದ್ದು ಕಾಣಬಾರದೆಂದು ಅಳುವ ಹಾಗೆ ಮಾಡುತ್ತಿದ್ದರು. ಸುಂದರಿಗೆ ಅದು ಕಾಣುತ್ತಿತ್ತು. ತಾಯಿಯನ್ನು ಜನ ಹಾಗೆ ನೋಡಿ ಹೋಗುವುದನ್ನು ಅವಳು ಬೆಳಿಗ್ಗೆಯಿಂದ ನೋಡುತ್ತಿದ್ದಳು.

ನಾನು ಅಂಗಳದ ಮೂಲೆಗೆ ಹೋಗಿ ವಿಶ್ವನಾಥ ಸಾರಿಗೆ ಫೋನು ಮಾಡಿದೆ.

"ಸಾರ್, ಐತೆಯ ಫೋಟೋ ಬರಲಿಲ್ಲ."

"ಚರಮ ಪುಟವೇ ಇಲ್ಲ ಯಮುನಕ್ಕ. ಅರಸರು ಇದ್ದಾರಲ್ಲ."

"ನಾಳೆ?"

"ನಾಳೆಯೂ ಅರಸರೇ. ನಾಡಿದ್ದು ನೋಡುವ. ಈಗ ತಲೆ ತಿನ್ನಬೇಡಿ, ಅಂತ್ಯಕ್ರಿಯೆ ಮುಗಿಸಿ ಈಗಷ್ಟೇ ಕೂತದ್ದು ನಾನು."

"ಅಲ್ಲಿ ಮುಗಿಯಿತಾ?"

"ಅಲ್ಲಿ ಎಲ್ಲಿ ಮುಗಿಯುವುದು? ಇಲ್ಲಿ ಮುಗಿಯಿತು. ಗುಂಡು ಹಾರಿಸಿ, ಬೆಂಕಿ ಕೊಟ್ಟು, ಪುಟ ಮುಚ್ಚಿಯಾಯಿತು. ಮೊಬೈಲಿಗೂ ಈಗ ಬಿಡ್ತಾರೆ."

"ಮಂತ್ರಿಗಳು?"

"ಚೆರ್ಕಳ ದಾಟಲಿಲ್ಲವಂತೆ. ಮುಟ್ಟುವಾಗ ಮುಟ್ಟಲಿ, ನನಗೆ ಎಂತ?"

ನಾನು ಫೋನು ಇಟ್ಟು ಜಗಲಿಗೆ ಬರುವಾಗ ಗುರಿಕಾರರ ಕಿಸೆಯಲ್ಲಿ ಟಣ್ ಎಂದಿತು. ಅವರ ಮಗ ಅವರ ಮೊಬೈಲಿನಲ್ಲಿ ನಮ್ಮ ಪೇಪರು ಬರುವಂತೆ ಮಾಡಿಕೊಟ್ಟಿದ್ದ. ಕನ್ನಡಕ ಹಾಕಿ, ಮೊಬೈಲನ್ನು ದೂರ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಓದಿದರು. ಸಹಸ್ರಾರು ಜನರ ಅಶ್ರುತರ್ಪಣ, ಸಕಲ ಸರಕಾರಿ ಗೌರವ, ಅಪರಾಹ್ನ ಚಿತೆಗೆ ಅಗ್ನಿಸ್ಪರ್ಶ, ಸೀಮೆಯ ಕೊನೆಯ ದೀಪ ಪಂಚಭೂತಗಳಲ್ಲಿ ಲೀನ.

"ಟಿವಿಯಲ್ಲಿ ನೋಡುವ ಒಮ್ಮೆ" ಎಂದು ಯಾರೋ ಹೇಳಿದರು. ಕರೆಂಟು ಇರಲಿಲ್ಲ. ಆಚೆ ಗಾಳಿ ಎದ್ದು ಎಲ್ಲೋ ಮರ ಬಿದ್ದಿತ್ತು.

"ಟಿವಿ ಎಂತಕ್ಕೆ?" ಎಂದರು ಗುರಿಕಾರರು. "ಟಿವಿಯವರು ಬಾಯಿಗೆ ಬಂದದ್ದು ಹೇಳ್ತಾರೆ. ಇದು ಪೇಪರು." ಮತ್ತೆ ನನ್ನನ್ನು ನೋಡಿದರು. "ನಿಮ್ಮ ಪೇಪರೇ ಅಲ್ಲವಾ ಯಮುನಾ ಇದು?"

"ನಮ್ಮ ಪೇಪರೇ" ಎಂದೆ.

ಅವರು ಕೇಳಿದ್ದಕ್ಕೆ ಅದು ಸರಿಯಾದ ಉತ್ತರ. ಬೆಂಕಿ ಬಿದ್ದದ್ದು ಹೌದಾ ಎಂದು ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ಈಗಲೂ ನನಗೆ ಗೊತ್ತಿಲ್ಲ. ಕೇಳಲಿಲ್ಲ.

"ಆಯಿತು. ಎತ್ತಿ" ಎಂದರು.

ಮನೆಯ ಹಿಂದಿನ ಜಾಗದಲ್ಲಿ, ಮುರಕಲ್ಲು ತೆಗೆದ ಗುಂಡಿಯ ಆಚೆ ಚಿತೆ. ಗಂಡಸರು ಬೇಗ ಬೇಗ ಹೊತ್ತರು. ಬೆಂಕಿ ಯಾರು ಇಡುವುದು ಎಂದು ಚರ್ಚೆ ಶುರುವಾಗುವ ಮೊದಲೇ ಸುಂದರಿ ಕೊಳ್ಳಿ ಹಿಡಿದು ಹೊರಟಾಗಿತ್ತು. ಗೇರಿನ ಕಟ್ಟಿಗೆ ಒಣಗಿತ್ತು, ಒಮ್ಮೆಲೇ ಹಿಡಿಯಿತು.

ಚಿತೆ ಅರ್ಧ ಉರಿಯುವಾಗ ಚಂದ್ರ ಬೈಕಿನಲ್ಲಿ ಬಂದ. ಅರಮನೆಯಲ್ಲಿ ಪೆಂಡಾಲು ಹಾಕಿದವನು. ಹಗ್ಗ ಸಾಲದೆ ಹಗ್ಗ ತೆಗೆದುಕೊಂಡು ಹೋಗಲು ಬಂದಿದ್ದ.

"ಎಂತ ಹೊಗೆ ಇದು? ಅಲ್ಲಿ ಮಂತ್ರಿಗಳೇ ಬರ್ಲಿಲ್ಲ ಇನ್ನೂ!"

ಗುರಿಕಾರರು ಮೊಬೈಲು ತೆಗೆದು ಅವನಿಗೆ ತೋರಿಸಿದರು. ಅವನು ಓದಿದ.

"ಇದರಲ್ಲಿ ಆಗಿದೆ. ಅಲ್ಲಿ ಆಗ್ಲಿಲ್ಲ" ಎಂದ.

ಗುರಿಕಾರರು ಕಲ್ಲಿನ ಮೇಲೆ ಕುಳಿತರು. ಅವರ ಮುಖ ನೋಡಿ ಒಬ್ಬ ಗಂಡಸು, "ಈಗ ಎಂತ ಮಾಡುವುದು? ನೀರು ಹಾಕಿ ನಂದಿಸುವುದಾ?" ಎಂದು ಕೇಳಿದ. ಕೊಡಪಾನಕ್ಕೆ ಕೈ ಹಾಕಿದವರೂ ಇದ್ದರು. ಸುಂದರಿ ಬೆಂಕಿ ಕೆದಕುವ ಉದ್ದದ ಕೋಲನ್ನು ಕೈಯಲ್ಲಿ ಹಿಡಿದು ಚಿತೆಯ ಈಚೆ ಬಂದು ನಿಂತಳು.

"ಹಾಕಿ ನೋಡುವ" ಎಂದಳು.

ಯಾರೂ ಹಾಕಲಿಲ್ಲ. ಅರಮನೆಯಲ್ಲಿ ಬೆಂಕಿ ಬಿದ್ದದ್ದು ಮುಸ್ಸಂಜೆಗೆ. ಮಂತ್ರಿಗಳು ಹೂ ಹಾಕುವಾಗ ಟಾರ್ಚು ಹಿಡಿಯಬೇಕಾಯಿತಂತೆ.

ಬೆಳಿಗ್ಗೆಯ ಹೊತ್ತಿಗೆ ಸೀಮೆಯಿಡೀ ಸುದ್ದಿ. ಅರಸರಿಗಿಂತ ಮೊದಲು ಬೀಡಿಯ ಐತೆ ಸುಟ್ಟುಹೋದಳು. ಇದರಿಂದ ಮಳೆ ತಪ್ಪುತ್ತದೆ ಎಂದವರು ಉಂಟು, ಅರಮನೆಗೆ ಸಂತಾನ ಇಲ್ಲದಾಗುತ್ತದೆ ಎಂದವರು ಉಂಟು. ಅರಮನೆಗೆ ಸಂತಾನ ಮೊದಲೂ ಇರಲಿಲ್ಲ. ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಸೀಮೆಯ ಹಿರಿಯರು ಸೇರಿದರು. ಸುಂದರಿಯನ್ನು ಕರೆಸಿದರು, ನನ್ನನ್ನೂ ಕರೆಸಿದರು. ಅರಮನೆಯ ಕಾರುಬಾರು ನೋಡುವ ಬಲ್ಲಾಳರು ನಡುವೆ ಕುಳಿತಿದ್ದರು.

ಬಲ್ಲಾಳರು ಸುತ್ತುಬಳಸದೆ ಹೇಳಿದರು. ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಪರಿಹಾರ ಆಗುವವರೆಗೆ ಆ ಮನೆಯ ನೀರು ಯಾರೂ ಮುಟ್ಟಬಾರದು. ಐತೆಯ ಬೊಜ್ಜಕ್ಕೆ ಯಾರೂ ಹೋಗಬಾರದು. ಬೊಜ್ಜಕ್ಕೆ ಊರು ಬರದಿದ್ದರೆ ಸತ್ತವರು ಈ ಬದಿಯೂ ಅಲ್ಲ, ಆ ಬದಿಯೂ ಅಲ್ಲ ಎಂದು ನಮ್ಮ ಲೆಕ್ಕ. ಸುಂದರಿಯ ಕೈ ಸೆರಗಿನ ತುದಿಯನ್ನು ತಿರುಚುತ್ತಿತ್ತು. ನಿನ್ನೆ ಕೋಲು ಹಿಡಿದಿದ್ದ ಕೈ ಅದೇ.

"ಗುರಿಕಾರರು ಎತ್ತಿ ಅಂದರು, ಎತ್ತಿದೆವು" ಎಂದಳು.

"ಪೇಪರಿನಲ್ಲಿ ಬಂತು, ನಾನು ಹೇಳಿದೆ" ಎಂದರು ಗುರಿಕಾರರು.

ಎಲ್ಲರೂ ನನ್ನ ಕಡೆ ತಿರುಗಿದರು. ಪೇಪರು ಎಂದರೆ ಆ ಮೂಲೆಯಲ್ಲಿ ನಾನೇ ತಾನೆ.

"ಹೇಳು ಯಮುನಾ" ಎಂದರು ಬಲ್ಲಾಳರು. "ನಿಮ್ಮ ಪೇಪರು ಹೇಳಿದ್ದು ಸತ್ಯವಾ, ಸುಳ್ಳಾ?"

ಸುಳ್ಳು ಎಂದರೆ ತಪ್ಪು ಐತೆಯ ಮನೆಯದ್ದು. ಸತ್ಯ ಎಂದರೆ ಟಾರ್ಚು ಹಿಡಿದು ನಿಂತವರು ಇದೇ ಜಗಲಿಯಲ್ಲಿ ಕುಳಿತಿದ್ದಾರೆ. ನಾನು ಆ ದಿನದ ಪೇಪರು ತಂದಿದ್ದೆ. ಎಲ್ಲರ ಮನೆಯಲ್ಲೂ ಇತ್ತು, ಆದರೆ ಜಗಲಿಗೆ ತಂದವಳು ನಾನೊಬ್ಬಳೇ. ಬಿಡಿಸಿ ಬಲ್ಲಾಳರ ಮುಂದೆ ಇಟ್ಟೆ.

"ನನಗೆ ಓದು ಕಡಿಮೆ. ನೀವೇ ಓದಿ" ಎಂದೆ. "ಅಪರಾಹ್ನ ಬೆಂಕಿ ಕೊಟ್ಟರು ಅಂತ ಉಂಟು. ಕೆಳಗೆ ಯಾರೆಲ್ಲ ಇದ್ದರು ಅಂತ ಹೆಸರು ಉಂಟು. ಸುಳ್ಳು ಅಂತಾದರೆ ಹೇಳಿ, ಈಗಲೇ ಬ್ಯೂರೋಕ್ಕೆ ಫೋನು ಮಾಡ್ತೇನೆ. ನಾಳೆ ತಿದ್ದುಪಡಿ ಹಾಕ್ತಾರೆ. ಆದರೆ ಅವರು ಒಂದು ಗೆರೆ ತಿದ್ದುವುದಿಲ್ಲ. ನಿನ್ನೆಯ ವರದಿ ಇಡೀ ಸರಿ ಇಲ್ಲ, ಓದುಗರು ಕ್ಷಮಿಸಬೇಕು ಅಂತ ಹಾಕ್ತಾರೆ. ಹೆಸರು ಕೂಡ ಹೋಗ್ತದೆ."

ಬ್ಯೂರೋದಲ್ಲಿ ಹಾಗೆ ಒಂದು ಕ್ರಮ ಉಂಟೋ ಇಲ್ಲವೋ ನನಗೆ ತಿಳಿಯದು. ತಿದ್ದುಪಡಿ ಹಾಕಿದ್ದನ್ನು ನಾನು ನೋಡಿಲ್ಲ.

ಬಲ್ಲಾಳರು ಓದಿದರು. ಅವರದ್ದು ಫೋಟೋವೇ ಬಂದಿತ್ತು, ಹೂವಿನ ಚಕ್ರ ಹಿಡಿದದ್ದು, ಮಂತ್ರಿಗಳ ಪಕ್ಕ. ಮಂತ್ರಿಗಳು ಬರುವ ಮೊದಲೇ ಪುಟ ಮುಚ್ಚಿದ್ದರಿಂದ ಮಂತ್ರಿಗಳ ಫೋಟೋ ಬೇರೆ ಯಾವುದೋ ಸಾವಿನದ್ದು. ಪೇಪರು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತಮ್ಮ ಹೆಸರಿನ ಹತ್ತಿರ ನಿಂತು, ಮುಂದೆ ದಾಟಿಸಿದರು. ಮಂಗಳೂರಿನ ಆಸ್ಪತ್ರೆಯಲ್ಲಿ ಮಗಳ ಹೆರಿಗೆಗೆಂದು ಹೋಗಿದ್ದವರ ಹೆಸರೂ ಅಂತಿಮ ದರ್ಶನ ಪಡೆದವರಲ್ಲಿ ಇತ್ತು. ಅವರು ಬಹಳ ಹೊತ್ತು ಓದಿದರು. ಕಡೆಗೆ ಗುರಿಕಾರರ ಕೈಗೆ ಬಂತು. ಅವರ ಹೆಸರು ಜೀವಮಾನದಲ್ಲಿ ಪೇಪರಿನಲ್ಲಿ ಬಂದದ್ದು ಅದೇ ಮೊದಲು. 'ಸೀಮೆಯ ಗುರಿಕಾರ ಕುಂಞಣ್ಣ' ಎಂದು ಪೂರ್ತಿಯಾಗಿ ಇತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.

"ಅಪರಾಹ್ನವೇ ಇರಬೇಕು" ಎಂದರು. "ಮೋಡ ಇತ್ತಲ್ಲ. ಕತ್ತಲೆ ಆದ ಹಾಗೆ ಕಂಡದ್ದು."

ಪೇಪರು ಮಡಚಿ ಮಡಿಲಲ್ಲಿ ಇಟ್ಟುಕೊಂಡರು.

"ಮೋಡ ಇತ್ತು, ಹೌದು" ಎಂದರು ಬಲ್ಲಾಳರು.

"ಹಾಗಾದರೆ ಟಾರ್ಚು ಹಿಡಿದದ್ದು?" ಎಂದು ಹಿಂದಿನಿಂದ ಚಂದ್ರ ಕೇಳಿದ.

"ಮೋಡಕ್ಕೇ ಮಾರಾಯ" ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು.

ಸಭೆ ಮುಗಿಯಿತು. ಪೇಪರು ವಾಪಸು ಕೇಳಿದೆ, ಗುರಿಕಾರರು ಕೊಡಲಿಲ್ಲ.

ಎರಡು ದಿನ ಕಳೆದು ಚರಮ ಪುಟ ವಾಪಸು ಬಂತು. ಅರಸರಿಂದಾಗಿ ತಡೆದುಹೋಗಿದ್ದವರೆಲ್ಲ ಒಟ್ಟಿಗೆ ಬಂದದ್ದರಿಂದ ಜಾಗ ಸಾಲದೆ ಫೋಟೋ ಇನ್ನೂ ಚಿಕ್ಕದಾಗಿತ್ತು. ಐತೆಯ ಮುಖದ ಜೋರು ಮಾತ್ರ ಆ ಅಳತೆಯಲ್ಲೂ ಸರಿಯಾಗಿ ಕಾಣುತ್ತಿತ್ತು. ವಿಶ್ವನಾಥ ಸಾರಿಗೆ ನಾನು ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಈ ಕೆಲಸದಲ್ಲಿ ಮುಂದೆ ಬರುವವರಿಗೂ ಅದನ್ನೇ ಹೇಳುತ್ತೇನೆ. ಬ್ಯೂರೋದವರಿಗೆ ಊರಿನ ಸುದ್ದಿ ಕೊಡಿ, ಊರಿನವರಿಗೆ ಬ್ಯೂರೋದ ಸುದ್ದಿ ಕೊಡಬೇಡಿ.

ಐತೆಯ ಬೊಜ್ಜಕ್ಕೆ ಊರಿಡೀ ಬಂತು. ಬಲ್ಲಾಳರೂ ಬಂದು ಜಗಲಿಯಲ್ಲಿ ಕುಳಿತು ನೀರು ಕುಡಿದರು. ಗುರಿಕಾರರು ಪಾಯಸ ಎರಡು ಸಲ ಹಾಕಿಸಿಕೊಂಡು, ಬೆಲ್ಲ ಕಡಿಮೆ ಎಂದರು. ಎಲ್ಲರೂ ಹೋದ ಮೇಲೆ ನಾನೂ ಸುಂದರಿಯೂ ಬಾವಿಯ ಹತ್ತಿರ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದೆವು.

"ಯಮುನಕ್ಕ, ನಿಜ ಹೇಳಿ" ಎಂದಳು. "ಅಮ್ಮನೇ ಮೊದಲಲ್ಲವಾ?"

"ಮೊದಲು. ಅರಸರದ್ದು ಕತ್ತಲಾದ ಮೇಲೆ."

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ನನಗೆ ಗೊತ್ತಿತ್ತು" ಎಂದಳು. "ಬಸ್ಸು ನಿಲ್ಲುವ ಮೊದಲೇ ಇಳಿಯುವ ಜನ ಅಮ್ಮ."